ಒಂದು ಕೈಲಿ ಕೊಟ್ಟು, ಇನ್ನೊಂದು ಕೈಲಿ ಕಿತ್ತುಕೊಂಡರಾ? ವಿಜಯಪುರದ ಹಳೇ ಪ್ರಶ್ನೆ

ಇವತ್ತು ತೆರಿಗೆ ಬಗ್ಗೆ ಮಾತಾಡೋಣ. ಬೋರು ಅಂತ ಮುಂದಕ್ಕೆ ಓಡಿಸಬೇಡಿ, ಇದು ನಿಮ್ಮ ಜೇಬಿನ ಕಥೆ.

ವಿಜಯಪುರ ಬಸ್ ನಿಲ್ದಾಣದಿಂದ ಗಂಡ-ಹೆಂಡತಿ ತಿಕೋಟಾಕ್ಕೆ ಹೊರಟಿದ್ದಾರೆ ಅಂದ್ಕೊಳ್ಳಿ. ಆಕೆ ಕೈಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಆತನ ಕೈಲಿ 2025ರ ಜನವರಿಯಲ್ಲಿ ಶೇ 15ರಷ್ಟು ಏರಿದ ದರದ ಟಿಕೆಟ್. ಕರ್ನಾಟಕದ ಇಡೀ ರಾಜಕೀಯ ಜಗಳ ಆ ಒಂದೇ ಸೀಟಿನ ಮೇಲೆ ಕೂತಿದೆ.

ವಿರೋಧ ಪಕ್ಷವಾದ ಬಿಜೆಪಿಯ ಟೀಕೆ ಗೊತ್ತೇ ಇದೆ. ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಕೈಯಿಂದ ಕೊಟ್ಟು, ಬೆಲೆ ಏರಿಸಿ ಇನ್ನೊಂದು ಕೈಯಿಂದ ಕಿತ್ತುಕೊಳ್ತಾರೆ ಅನ್ನೋದು. 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿ, ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆದಾಗ ಈ ಮಾತು ಬೀದಿಗೆ ಬಂತು. ಕಾಂಗ್ರೆಸ್ ಸರ್ಕಾರದ ಉತ್ತರವೂ ಗೊತ್ತು: ಕೇಂದ್ರದ ತೆರಿಗೆ ಪಾಲಿನಲ್ಲಿ ಕರ್ನಾಟಕದ ಭಾಗ ಶೇ 4.713ರಿಂದ 3.647ಕ್ಕೆ ಇಳಿದಿತ್ತು, ಕಿತ್ತುಕೊಂಡವರು ಅವರು. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿದಾಗ ಬೈದವರು ಕಾಂಗ್ರೆಸ್‌ನವರು. ಕುರ್ಚಿ ಬದಲಾದ್ರೆ ಭಾಷಣವೂ ಬದಲಾಗುತ್ತೆ.

ನಮ್ಮ ಜಿಲ್ಲೆಯಲ್ಲಂತೂ ಇದು ಇನ್ನೂ ಹತ್ತಿರದಿಂದ ಕಾಣುತ್ತೆ. 2023ರ ಚುನಾವಣೆಯಲ್ಲಿ ವಿಜಯಪುರ ನಗರ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳರನ್ನು ಗೆಲ್ಲಿಸಿತು. ತಿಕೋಟಾವನ್ನೂ ಒಳಗೊಂಡ ಬಬಲೇಶ್ವರ ಕ್ಷೇತ್ರ ಕಾಂಗ್ರೆಸ್‌ನ ಎಂ.ಬಿ. ಪಾಟೀಲರನ್ನು ಗೆಲ್ಲಿಸಿತು, ಅವರು ಮಂತ್ರಿಯಾದರು. ಮುಂದೆ 2025ರ ಮಾರ್ಚ್‌ನಲ್ಲಿ ಬಿಜೆಪಿ ಯತ್ನಾಳರನ್ನು ಉಚ್ಚಾಟಿಸಿತು, ಆ ಮಾತು ಬೇರೆ. ನಗರ ದಾಟಿ ಅಥಣಿ ರಸ್ತೆಗೋ ಜಮಖಂಡಿ ರಸ್ತೆಗೋ ಇಳಿದರೆ ಸಾಕು, ವಾದದ ಒಂದು ಬದಿಯಿಂದ ಇನ್ನೊಂದು ಬದಿಗೆ ಬಂದುಬಿಡ್ತೀರಿ.

ಹಾಗಾದ್ರೆ ಇಂಥ ಟೀಕೆಯಿಂದ ಯಾರಿಗಾದ್ರೂ ಉಪಯೋಗ ಆಗುತ್ತಾ? ಆಗಿದ್ದುಂಟು. ಅದಕ್ಕೆ ನಾವು ಹಿಂದಕ್ಕೆ ಹೋಗಬೇಕು.

1876-78ರ ಬರ. ಆಗ ನಮ್ಮ ಜಿಲ್ಲೆಯ ಹೆಸರು ಕಲಾದಗಿ, ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1872ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 8 ಲಕ್ಷ 16 ಸಾವಿರ. 1881ಕ್ಕೆ 6 ಲಕ್ಷ 38 ಸಾವಿರ. ಅಂದ್ರೆ ಐವರಲ್ಲಿ ಒಬ್ಬರು ಲೆಕ್ಕದಿಂದಲೇ ಮಾಯ. ಕೆಲವರು ಸತ್ತರು, ಕೆಲವರು ಗುಳೆ ಹೋದರು. ಆಗಿನ 'ಗ್ಯಾರಂಟಿ' ಏನು ಗೊತ್ತಾ? ಬರಗಾಲದ ಕಾಮಗಾರಿ. ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಒಂದು ಪೌಂಡ್ ಅಂದ್ರೆ ಅರ್ಧ ಕಿಲೋ ಕೂಡ ಇಲ್ಲ. ಕಲ್ಲು ಒಡೆಯೋನಿಗೆ! ಪುಣೆಯ ಸಾರ್ವಜನಿಕ ಸಭಾ ಇದನ್ನು ಬಲವಾಗಿ ವಿರೋಧಿಸಿತು.

ಮುಂದೆ 1896-97ರಲ್ಲಿ ಬರ, ಮತ್ತೆ 1899-1900ರಲ್ಲಿ ಬರ. ಜೋಳ ಒಣಗಿದ ಹೊಲಕ್ಕೂ ಕಂದಾಯದ ಬಾಕಿ ನಿಂತಿತ್ತು. 1901ರಲ್ಲಿ ಮುಂಬೈ ಸರ್ಕಾರ ಭೂಕಂದಾಯ ತಿದ್ದುಪಡಿ ಮಸೂದೆ ತಂತು. ಬಾಕಿಗಾಗಿ ಮುಟ್ಟುಗೋಲು ಹಾಕಿದ ಹೊಲವನ್ನು ರೈತನಿಗೇ ಮರಳಿ ಕೊಡ್ತೀವಿ, ಆದರೆ ಆತ ನಮ್ಮ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ ಅನ್ನೋದು ಷರತ್ತು. ಸಾಹುಕಾರನಿಂದ ರೈತನನ್ನು ಕಾಪಾಡೋಕೆ ಅಂತ ಹೇಳಿಕೊಂಡರು. ಕೇಳೋಕೆ ಪಕ್ಕಾ ಕಲ್ಯಾಣ ಕಾರ್ಯಕ್ರಮ!

ಕೌನ್ಸಿಲ್‌ನಲ್ಲಿದ್ದ ಗೋಪಾಲಕೃಷ್ಣ ಗೋಖಲೆ ಇದನ್ನು ಒಪ್ಪಲಿಲ್ಲ. ರೈತನ ಹೊಲದ ಮೇಲಿನ ಹಕ್ಕು ಹೋಯ್ತು, ಸಾಲ ಹುಟ್ಟೋ ದಾರಿಯೂ ಮುಚ್ಚಿತು ಅನ್ನೋದು ಅವರ ವಾದ. ಸಾಹುಕಾರನಿಗೆ ಬದಲಾಗಿ ಕೃಷಿ ಬ್ಯಾಂಕು ಮಾಡಿ ನೋಡಿ ಅಂತಲೂ ಹೇಳಿದರು. ಸರ್ಕಾರ ಕೇಳಲಿಲ್ಲ. ಫಿರೋಜ್‌ಶಾ ಮೆಹ್ತಾ, ಗೋಖಲೆ ಮತ್ತು ಸಂಗಡಿಗರು ಎದ್ದು ಹೊರನಡೆದರು. ಇವತ್ತು ಟಿವಿಯಲ್ಲಿ ನೋಡ್ತೀವಲ್ಲ 'ಸಭಾತ್ಯಾಗ', ಅದರ ಹಳೇ ರೂಪ ಇದು. ಮಸೂದೆ ಪಾಸಾಯ್ತು.

ಗೋಖಲೆ ಅಲ್ಲಿಗೇ ನಿಲ್ಲಲಿಲ್ಲ. 1902ರ ಮಾರ್ಚ್ 26ರಂದು ವೈಸ್‌ರಾಯ್ ಕರ್ಜನ್ ಮುಂದೆ ಮೊದಲ ಬಜೆಟ್ ಭಾಷಣ ಮಾಡಿದರು. ಬಜೆಟ್ ಮೇಲೆ ಮಾತಾಡಬಹುದಿತ್ತು, ಮತ ಹಾಕುವ ಹಾಗಿರಲಿಲ್ಲ. ಸರ್ಕಾರ ಸುಮಾರು 7 ಕೋಟಿ ರೂಪಾಯಿ ಉಳಿತಾಯ ತೋರಿಸಿ ಬೀಗುತ್ತಿತ್ತು. ಗೋಖಲೆಯವರ ತಿರುಗುಬಾಣ ಸರಳ: ದೇಶದಲ್ಲಿ ಮೇಲಿಂದ ಮೇಲೆ ಬರ, ಖಜಾನೆಯಲ್ಲಿ ಉಳಿತಾಯ. ಹಾಗಾದ್ರೆ ಜನರಿಂದ ಬೇಕಾದ್ದಕ್ಕಿಂತ ಹೆಚ್ಚು ವಸೂಲಿ ಮಾಡಿದ್ದೀರಿ ಅಂತಾಯ್ತು! ಉಪ್ಪಿನ ತೆರಿಗೆ ಇಳಿಸಿ, ಆದಾಯ ತೆರಿಗೆ ವಿನಾಯಿತಿ ಮಿತಿಯನ್ನು 500ರಿಂದ 1,000 ರೂಪಾಯಿಗೆ ಏರಿಸಿ ಅಂತ ಕೇಳಿದರು.

ಏನಾಯ್ತು? 1903ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿಯಿಂದ 2ಕ್ಕೆ ಇಳಿಯಿತು. ಆದಾಯ ತೆರಿಗೆ ಮಿತಿ 1,000ಕ್ಕೆ ಏರಿತು. 1905ರಲ್ಲಿ ಉಪ್ಪು ಒಂದೂವರೆ ರೂಪಾಯಿ, 1907ರಲ್ಲಿ 1 ರೂಪಾಯಿ. ಗೋಖಲೆ ಒಬ್ಬರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆದರೆ ಒಂದು ಮತವೂ ಇಲ್ಲದ ಮನುಷ್ಯ, ಸರ್ಕಾರದ್ದೇ ಅಂಕಿ ಹಿಡಿದು ಸರ್ಕಾರವನ್ನು ಕಟ್ಟಿಹಾಕಿದ್ದು ನಿಜ. ಕೃಷಿ ಸಾಲದ ವಿಚಾರಕ್ಕೆ ಬಂದರೆ, 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು.

ನನಗೆ ಇಲ್ಲಿ ಕಾಣೋದು ಒಂದು ಅಳತೆಗೋಲು. ಗೋಖಲೆ ಮೂರು ಕೆಲಸ ಮಾಡಿದರು. ಹಣ ಯಾರಿಂದ ಬಂತು ಅಂತ ಕೇಳಿದರು. ಯಾವ ತೆರಿಗೆ ಎಷ್ಟು ಇಳಿಯಬೇಕು ಅಂತ ಹೇಳಿದರು. ನಿಮ್ಮ ದಾರಿ ಬೇಡ ಅಂದಾಗ ಬೇರೆ ದಾರಿ ತೋರಿಸಿದರು.

ಇವತ್ತಿನ ಟೀಕೆಗೂ ಅದೇ ಗೋಲು ಹಿಡೀರಿ. ಪೆಟ್ರೋಲ್ ತೆರಿಗೆ ಇಳಿಸಿ ಅನ್ನೋ ನಾಯಕರು, ಆ ಹಣ ಎಲ್ಲಿಂದ ತುಂಬ್ತೀರಿ, ಯಾವ ಯೋಜನೆ ಬಿಡ್ತೀರಿ ಅಂತ ಹೇಳ್ತಾರಾ? ತಿಂಗಳಿಗೆ 2,000 ರೂಪಾಯಿ ಬರೋ ಬಬಲೇಶ್ವರದ ತಾಯಿಗೆ ಅದು ಸಣ್ಣ ಮೊತ್ತ ಅಲ್ಲ. ಹಾಗೇ ಸರ್ಕಾರಕ್ಕೂ ಕೇಳಿ: ದ್ರಾಕ್ಷಿ ತೋಟದಿಂದ ಮಾರ್ಕೆಟ್‌ಗೆ ಹೋಗೋ ಗಾಡಿಯ ಡೀಸೆಲ್ ತುಟ್ಟಿಯಾದರೆ, ಆ 2,000ದಲ್ಲಿ ಮನೆಯಲ್ಲಿ ಉಳಿಯೋದು ಎಷ್ಟು? ಕೇಂದ್ರದ ಕಡೆ ಬೆರಳು ತೋರಿಸಿದರೆ ಈ ಲೆಕ್ಕ ಮುಗಿಯಲ್ಲ.

ಟೀಕೆ ಮಾಡೋದು ದ್ರೋಹ ಅಲ್ಲ, ನೆರವು ಪಡೆಯೋದು ಭಿಕ್ಷೆಯೂ ಅಲ್ಲ. ಎರಡೂ ನಮ್ಮದೇ ದುಡ್ಡಿನ ವಿಚಾರ. ಮುಂದಿನ ಸಲ ನಿಮ್ಮ ವಾಟ್ಸ್‌ಆ್ಯಪ್‌ಗೆ ಯಾವುದೇ ಪಕ್ಷದ ಭಾಷಣದ ತುಣುಕು ಬಂದಾಗ, ಫಾರ್ವರ್ಡ್ ಮಾಡೋ ಮುಂಚೆ ಆ ಮೂರು ಪ್ರಶ್ನೆ ಹಾಕಿ ನೋಡಿ. ಉತ್ತರ ಇದ್ದರೆ ಹಂಚಿ. ಇಲ್ಲದಿದ್ದರೆ ಕಳಿಸಿದವರಿಗೇ ಪ್ರಶ್ನೆ ಹಾಕಿ.