ಹೆಸರು ಮತ್ತು ಮತ: ಅಫಜಲಪುರದ ಗುತ್ತೇದಾರ ಸಹೋದರರು



ನಮ್ಮ ಕಲಬುರಗಿ ಜಿಲ್ಲೆಯಲ್ಲಿ ‘ಗುತ್ತೇದಾರ’ ಎಂಬ ಹೆಸರನ್ನು ಕೇಳದವರು ವಿರಳ. ಆ ಹೆಸರನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ? ‘ಗುತ್ತ’ ಎಂದರೆ ಗುತ್ತಿಗೆ. ‘ದಾರ’ ಎಂಬುದು ಫಾರಸಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದ ಪ್ರತ್ಯಯ. ಜಮೀನ್ದಾರ, ತಹಸೀಲ್ದಾರ ಎಂಬಲ್ಲಿ ಇರುವುದೂ ಅದೇ. ನಿಜಾಮರ ಆಳ್ವಿಕೆಯಲ್ಲಿ ಸೇಂದಿ, ಸಾರಾಯಿ ಮಾರುವ ಹಕ್ಕನ್ನು ಸರ್ಕಾರವು ಗುತ್ತಿಗೆಗೆ ಕೊಡುತ್ತಿತ್ತು. ಹೀಗೆ ವ್ಯಾಪಾರ ಮತ್ತು ಸರ್ಕಾರದ ನಂಟು ಈ ಹೆಸರಿನಲ್ಲಿಯೇ ಅಡಗಿದೆ.

ಭೀಮಾ ತೀರದ ಅಫಜಲಪುರದಲ್ಲಿ ಈ ಹೆಸರಿನ ಮಾಲೀಕಯ್ಯ ಗುತ್ತೇದಾರರು ಆರು ಬಾರಿ ಶಾಸಕರಾದರು. 2018ರಲ್ಲಿ ಅವರು ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದರು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಂ.ವೈ. ಪಾಟೀಲರ ಎದುರು ಸೋತರು.

ಅವರ ತಮ್ಮ ನಿತಿನ್ ಗುತ್ತೇದಾರರು ಉದ್ಯಮಿ. ಅಣ್ಣನ ನೆರಳಿನಲ್ಲಿಯೇ ಇರಲು ಅವರು ಒಪ್ಪಲಿಲ್ಲ. 2023ರಲ್ಲಿ ಬಿಜೆಪಿಯು ಅಣ್ಣನನ್ನೇ ಅಭ್ಯರ್ಥಿಯನ್ನಾಗಿಸಿತು. ತಮ್ಮ ಪಕ್ಷೇತರರಾಗಿ ನಿಂತರು. ಒಂದೇ ಮನೆಯ ಇಬ್ಬರು ಒಂದೇ ಕ್ಷೇತ್ರದಲ್ಲಿ ಮತ ಕೇಳಿದರು. ಮೇ 13ರಂದು ಫಲಿತಾಂಶ ಬಂದಾಗ ಎಂ.ವೈ. ಪಾಟೀಲರಿಗೆ 56,313 ಮತ, ನಿತಿನ್ ಅವರಿಗೆ 51,719 ಮತ. ಆರು ಬಾರಿ ಗೆದ್ದಿದ್ದ ಅಣ್ಣ ಮೂರನೇ ಸ್ಥಾನಕ್ಕೆ ಇಳಿದಿದ್ದರು.

ಮುಂದೆ ನಡೆದದ್ದನ್ನೂ ಗಮನಿಸಿ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ತಮ್ಮ ಬಿಜೆಪಿ ಸೇರಿದರು, ಅಣ್ಣ ಕಾಂಗ್ರೆಸ್ಸಿಗೆ ಮರಳಿದರು. ಪಕ್ಷ ಬದಲಾಯಿತು, ಮನೆತನದ ಪೈಪೋಟಿ ಉಳಿಯಿತು.

ಇದರಿಂದ ನಾವು ಕಲಿಯಬೇಕಾದದ್ದೇನು? ಮನೆತನ ಹೆಸರು ಕೊಡುತ್ತದೆ, ವ್ಯಾಪಾರ ಬಲ ಕೊಡುತ್ತದೆ. ಆದರೆ ತೀರ್ಪು ಕೊಡುವವನು ಮತದಾರ. ನೆರೆಯ ಜೇವರ್ಗಿಯನ್ನು ನೋಡಿ. 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ಅವರು 2008ರಲ್ಲಿ ತಮ್ಮ ಸ್ವಂತ ಕ್ಷೇತ್ರದಲ್ಲಿ ಸೋತದ್ದು ಕೇವಲ 70 ಮತಗಳಿಂದ. ಆಳಂದದಲ್ಲಿ 2018ರ ಗೆಲುವಿನ ಅಂತರ 697. ಒಂದು ಓಣಿಯ ಜನ ಮತಗಟ್ಟೆಗೆ ಬರುವುದು, ಬಾರದಿರುವುದು ಇಂತಹ ಫಲಿತಾಂಶವನ್ನು ತಿರುಗಿಸಬಲ್ಲದು.

ಅದೇ ಆಳಂದದಲ್ಲಿ 2023ರ ಚುನಾವಣೆಗೆ ಮುನ್ನ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24 ಮಾತ್ರ. ತಮ್ಮ ಹೆಸರಿಗೆ ಇಂತಹ ಅರ್ಜಿ ಬಿದ್ದಿರುವುದು ಎಷ್ಟೋ ಜನರಿಗೆ ತಿಳಿದೇ ಇರಲಿಲ್ಲ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ದೊಡ್ಡ ಮನೆತನದವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ನಮ್ಮ ನಿಮ್ಮ ಹೆಸರು ಲೆಕ್ಕಕ್ಕೆ ಬರುವುದು ಮತದಾರರ ಪಟ್ಟಿಯಲ್ಲಿದ್ದಾಗ. 18 ತುಂಬಿದವರು ಹೆಸರು ಸೇರಿಸಿರಿ. ಸೇರಿಸಿದವರು ಪ್ರತಿ ಚುನಾವಣೆಗೆ ಮುನ್ನ ಅದು ಇದೆಯೇ ಎಂದು ನೋಡಿಕೊಳ್ಳಿರಿ. ಓದಲು ಬಾರದ ಅಮ್ಮ, ಅಜ್ಜಿಯರ ಹೆಸರನ್ನೂ ನೀವೇ ಓದಿ ನೋಡಿರಿ. ನೀವು ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದಿದೆ?