ಸಹಿ ಒಬ್ಬರದು, ಕೈ ಇನ್ನೊಬ್ಬರದು

ಊರು ಬಿಟ್ಟು ಬಂದ ನಮ್ಮಂಥವರ ಮನೆಯ ಟ್ರಂಕಿನಲ್ಲಿ ಹಳೆಯ ಕ್ರಯಪತ್ರವೊಂದು ಇದ್ದೇ ಇರುತ್ತದೆ. ಕೊನೆಯಲ್ಲಿ ಅಜ್ಜಿಯ ಹೆಬ್ಬೆಟ್ಟಿನ ಗುರುತು. ಪಕ್ಕದಲ್ಲಿ ಅವರ ಹೆಸರು, ಆದರೆ ಪತ್ರ ಬರೆದವರ ಕೈಯಲ್ಲಿ. ಅಜ್ಜಿ ಒಂದಕ್ಷರವನ್ನೂ ಬರೆದಿಲ್ಲ; ಆದರೂ ಸಹಿ ಅವರದೇ. ಇಂಥದೇ ಒಂದು ಸಂಗತಿ ಕೊಚ್ಚಿಯಲ್ಲಿ ನಡೆದಿದೆ.

ಡಚ್ಚರ ಕಮಾಂಡರ್ ವಾನ್ ರೀಡೆ ಮಲಬಾರಿನ ಗಿಡಮರಗಳ ಬಗ್ಗೆ ಸಿದ್ಧಪಡಿಸಿದ 'ಹೊರ್ಟುಸ್ ಮಲಬಾರಿಕುಸ್' ಎಂಬ ಲ್ಯಾಟಿನ್ ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ವಿವರ ಒದಗಿಸಿದ ಸ್ಥಳೀಯರ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲೇ ಇವೆ. ಕರಪ್ಪುರದ ವೈದ್ಯ ಇಟ್ಟಿ ಅಚ್ಯುತನ್ 1675ರ ಏಪ್ರಿಲ್ 20ರಂದು ಕೊಟ್ಟ ಪತ್ರ ಕೋಲೆಳುತ್ತು ಲಿಪಿಯಲ್ಲಿದೆ. ಕಂಪೆನಿಯ ದುಭಾಷಿ ಇಮ್ಯಾನುಯೆಲ್ ಕಾರ್ನೇರೊ ಅವರದು ಈಗಿನ ಮಲಯಾಳಂ ಅಕ್ಷರಕ್ಕೆ ಹತ್ತಿರವಾದ ಆರ್ಯ ಎಳುತ್ತು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಈ ಮೂವರದು ನಾಗರಿ ಅಕ್ಷರದ ಕೊಂಕಣಿ. ಒಂದೇ ಕೋಟೆ, ಒಂದೇ ಕೆಲಸ, ಲಿಪಿ ಮಾತ್ರ ಮೂರು! ವೈದ್ಯರ ಹೆಸರಂತೂ ಲ್ಯಾಟಿನ್ನಿಗೆ ಹೋಗುವಷ್ಟರಲ್ಲಿ 'ಇಟ್ಟಿ ಅಚ್ಚುದೆಂ' ಆಗಿಬಿಟ್ಟಿತು.

ಈ ಪತ್ರಗಳನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದಲ್ಲ. ಗಿಡಗಳ ಚಿತ್ರಗಳಂತೆಯೇ ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ್ದು. ಕಾಗದದ ಮೇಲೆ ಅಕ್ಷರ ಸರಿಯಾಗಿ ಮೂಡಬೇಕಾದರೆ ತಗಡಿನಲ್ಲಿ ಅದನ್ನು ತಿರುಗುಮುರುಗಾಗಿ ಕೊರೆಯಬೇಕು. ಕೊರೆದವರಿಗೆ ಕೋಲೆಳುತ್ತು ಓದಲು ಬರುತ್ತಿತ್ತೆಂದು ನಾವು ನಂಬಲಾರೆವು. ಆದ್ದರಿಂದ ಪುಸ್ತಕದಲ್ಲಿ ನಾವು ನೋಡುವ ಅಚ್ಯುತನ್ ಅವರ ರುಜು ದೂರದ ಕುಶಲಕರ್ಮಿಯೊಬ್ಬನ ಕೈಬರಹ. ಅಲ್ಲಿ ಒಂದು ಕೊಂಬೋ ಸುಳಿಯೋ ಡೊಂಕಾಗಿ ಕಂಡರೆ, ವೈದ್ಯರಿಗೇ ಬರೆಯಲು ಬರುತ್ತಿರಲಿಲ್ಲ ಎಂದು ತೀರ್ಪು ಕೊಡುವುದು ಅನ್ಯಾಯ. ನಮ್ಮ ಅಜ್ಜಿಯ ಹೆಸರಿನ ಕಾಗುಣಿತ ತಪ್ಪಿದ್ದರೆ ಅದು ಅಜ್ಜಿಯ ತಪ್ಪೇ?

ತಾಮ್ರವೆಂದಾಗ ನಮ್ಮ ವಿಜಯನಗರ ನೆನಪಾಗುತ್ತದೆ. ಅಲ್ಲಿನ ಹಲವು ತಾಮ್ರಶಾಸನಗಳ ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಕೊನೆಯ ರಾಜಮುದ್ರೆ ಮಾತ್ರ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ'. ಅರಸ ತನ್ನ ಹೆಸರು ಬರೆಯದೆ ದೇವರ ಹೆಸರಿನಲ್ಲೇ ಒಪ್ಪ ಹಾಕುತ್ತಿದ್ದ.

ಕೊಚ್ಚಿಯ ಗ್ರಂಥಕ್ಕೆ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್ ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದರು. ಅವರ ಇಂಗ್ಲಿಷ್ ಅನುವಾದವನ್ನು ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಪ್ರಕಟಿಸಿತು. ಮಲಯಾಳಂ ಅನುವಾದ 2008ರಲ್ಲಿ ಬಂತು. ಅಚ್ಯುತನ್ ಹೇಳಿದ್ದು ಅವರ ನುಡಿಗೇ ಮರಳಲು ಮೊದಲ ಸಂಪುಟದಿಂದ 330 ವರ್ಷ ಹಿಡಿಯಿತು.