ಕೊಬ್ಬಿನ ಯಕೃತ್ತು ರೋಗ

ಕೊಬ್ಬಿನ ಯಕೃತ್ತು ರೋಗ ಅಥವಾ ಫ್ಯಾಟಿ ಲಿವರ್ ಎಂಬುದು ಯಕೃತ್ತಿನ ಜೀವಕೋಶಗಳಲ್ಲಿ ಕೊಬ್ಬು ಅತಿಯಾಗಿ ಸಂಗ್ರಹವಾಗುವ ಸ್ಥಿತಿ. ಶೇ. 5ಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಕೊಬ್ಬು ಕಂಡುಬಂದರೆ ಅದನ್ನು ರೋಗವೆಂದು ಪರಿಗಣಿಸಲಾಗುತ್ತದೆ. ಮದ್ಯಪಾನದಿಂದ ಬರುವುದು ಮತ್ತು ಚಯಾಪಚಯದ ಏರುಪೇರಿನಿಂದ ಬರುವುದು ಇದರ ಎರಡು ಮುಖ್ಯ ಬಗೆಗಳು. ಎರಡನೆಯ ಬಗೆಗೆ ಇದ್ದ ‘ಮದ್ಯೇತರ’ ಎಂಬ ಹೆಸರನ್ನು ತಜ್ಞರ ಸಂಘಟನೆಗಳು 2023ರಲ್ಲಿ ‘ಚಯಾಪಚಯ ಸಂಬಂಧಿತ’ ಎಂದು ಬದಲಾಯಿಸಿದವು.

ಕಾರಣಗಳು

ಈ ರೋಗ ಮದ್ಯಪಾನಿಗಳಿಗೆ ಮಾತ್ರ ಬರುತ್ತದೆ, ಎಣ್ಣೆ ಪದಾರ್ಥಗಳಿಂದಲೇ ಬರುತ್ತದೆ ಎಂಬ ನಂಬಿಕೆಗಳು ಸರಿಯಲ್ಲ. ಇನ್ಸುಲಿನ್ ಹಾರ್ಮೋನಿಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ದೇಹದ ಕೊಬ್ಬಿನ ಅಂಗಾಂಶದಿಂದ ಕೊಬ್ಬಿನಾಮ್ಲಗಳು ಬಿಡುಗಡೆಯಾಗಿ ಯಕೃತ್ತನ್ನು ಸೇರುತ್ತವೆ. ಅಗತ್ಯಕ್ಕಿಂತ ಹೆಚ್ಚಾದ ಸಕ್ಕರೆ ಮತ್ತು ಪಿಷ್ಟವನ್ನು ಯಕೃತ್ತು ತಾನೇ ಕೊಬ್ಬಾಗಿ ಪರಿವರ್ತಿಸುತ್ತದೆ. ಆಹಾರದ ಕೊಬ್ಬು ನೇರವಾಗಿ ಸೇರುವ ಪಾಲು ಇವೆರಡಕ್ಕಿಂತ ಕಡಿಮೆ. ಸ್ಟೀರಾಯ್ಡ್, ಟಮಾಕ್ಸಿಫೆನ್‌ನಂತಹ ಔಷಧಗಳು, ಹೆಪಟೈಟಿಸ್ ಸಿ ಸೋಂಕು ಹಾಗೂ ಅತಿವೇಗವಾಗಿ ತೂಕ ಇಳಿಸುವುದೂ ಕಾರಣವಾಗಬಹುದು.

ಅಪಾಯಕಾರಿ ಅಂಶಗಳು

* ಟೈಪ್ 2 ಮಧುಮೇಹ, ಅಧಿಕ ರಕ್ತದೊತ್ತಡ, ಅಧಿಕ ಟ್ರೈಗ್ಲಿಸರೈಡ್
* ಹೊಟ್ಟೆಯ ಬೊಜ್ಜು: ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮೀರುವುದು
* ದೈಹಿಕ ಶ್ರಮದ ಕೊರತೆ, ಸಿಹಿ ಪಾನೀಯಗಳ ಅತಿಸೇವನೆ
* ಪಿಸಿಓಎಸ್, ಥೈರಾಯ್ಡ್ ಗ್ರಂಥಿಯ ಮಂದಗತಿ
* ಆನುವಂಶಿಕತೆ: ಪಿಎನ್‌ಪಿಎಲ್‌ಎ3 ವಂಶವಾಹಿಯ ಒಂದು ರೂಪಭೇದ

ತೆಳ್ಳಗಿರುವವರಲ್ಲೂ ಈ ರೋಗ ಕಂಡುಬರುತ್ತದೆ.

ಲಕ್ಷಣಗಳು ಮತ್ತು ಪರಿಣಾಮ

ಆರಂಭದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಅಲ್ಟ್ರಾಸೌಂಡ್‌ನಲ್ಲಿ ಪತ್ತೆಯಾಗುವುದೇ ಹೆಚ್ಚು. ಕೆಲವರಲ್ಲಿ ಇದು ಉರಿಯೂತ, ನಾರುಗಟ್ಟುವಿಕೆ, ಸಿರೋಸಿಸ್ ಹಾಗೂ ಕ್ಯಾನ್ಸರ್‌ವರೆಗೆ ಬೆಳೆಯಬಹುದು. ಆದರೆ ಆರಂಭದ ಹಂತದಲ್ಲಿ ಇದನ್ನು ಹಿಮ್ಮೆಟ್ಟಿಸಬಹುದು. ಅಧಿಕ ತೂಕವಿರುವವರು ಕ್ರಮೇಣ ಶೇ. 7ರಿಂದ 10ರಷ್ಟು ತೂಕ ಇಳಿಸಿದರೆ ಕೊಬ್ಬು ಮತ್ತು ಉರಿಯೂತ ಎರಡೂ ತಗ್ಗುತ್ತವೆ.

ಭಾರತದಲ್ಲಿ

ಭಾರತ ಸರ್ಕಾರವು 2021ರಲ್ಲಿ ಈ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು. 2024ರಲ್ಲಿ ಪರಿಷ್ಕೃತ ಮಾರ್ಗಸೂಚಿ ಪ್ರಕಟಿಸಿತು. ಈ ಕಾರ್ಯಕ್ರಮದಡಿ 30 ವರ್ಷ ಮೀರಿದವರಿಗೆ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ನಡೆಯುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಂತಹ ಗ್ರಾಮೀಣ ಪ್ರದೇಶಗಳಿಗೂ ಇದು ಮುಖ್ಯ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಊಟ ನಾರಿನಂಶದಿಂದ ಕೂಡಿದ್ದರೂ, ಹೊಲದ ದುಡಿಮೆ ಯಂತ್ರಗಳ ಪಾಲಾದಂತೆ ದೇಹಶ್ರಮ ಕುಗ್ಗುತ್ತದೆ; ಸಕ್ಕರೆಯ ಚಹಾ ಹಾಗೂ ಬೇಕರಿ ತಿನಿಸುಗಳ ಬಳಕೆ ಹೆಚ್ಚಿದರೆ ಅಪಾಯವೂ ಹೆಚ್ಚುತ್ತದೆ.